ಅಪವಾದ ಸೌತೆಕಾಯಿಗೆ, ತಪ್ಪು ಮೆಂತ್ಯದ್ದು: ಜರ್ಮನಿ, 2011

2011ರ ಮೇ ಕೊನೆಯ ವಾರ. ಉತ್ತರ ಜರ್ಮನಿಯಲ್ಲಿ ಹಸಿ ತರಕಾರಿ ತಿಂದವರು ಆಸ್ಪತ್ರೆ ಸೇರುತ್ತಿದ್ದರು, ಕೆಲವರು ಸಾಯುತ್ತಿದ್ದರು. ಯಾವ ತರಕಾರಿ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗಿರುವಾಗ ಯಾರದ್ದನ್ನು ನಂಬಿ ತಿನ್ನುವುದು? ಪಕ್ಕದ ಊರಿನ ರೈತನದ್ದನ್ನೋ, ದೂರದ ದೇಶದಿಂದ ಬಂದದ್ದನ್ನೋ, ಇಲ್ಲ ಸ್ವಂತ ಕೈಯಲ್ಲಿ ಬೆಳೆದದ್ದನ್ನೋ?

ಇಂಥ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಬರುವ ಉತ್ತರ ಒಂದೇ. ಹತ್ತಿರದ್ದು ಒಳ್ಳೆಯದು, ನಾವೇ ಬೆಳೆದದ್ದು ಇನ್ನೂ ಒಳ್ಳೆಯದು. ನಾನೂ ಆ ಪಕ್ಷದವನೇ. ಆದರೆ ಈ ಪ್ರಕರಣ ಓದಿದ ಮೇಲೆ ಆ ಮಾತನ್ನು ಸುಮ್ನೆ ಹೇಳಿಬಿಡಲು ನಾಲಿಗೆ ಬರುವುದಿಲ್ಲ. ಇಲ್ಲಿ ಅಪವಾದ ಬಂದಿದ್ದು ದೂರದ್ದಕ್ಕೆ. ರೋಗ ಹಬ್ಬಿಸಿದ್ದು ಹತ್ತಿರದ್ದು. ಆ ಹತ್ತಿರದ್ದರ ಹೊಟ್ಟೆಯೊಳಗೆ ಕೂತಿದ್ದು ಮತ್ತೆ ದೂರದ್ದೇ.

ಮೂರು ಮಕ್ಕಳಿಂದ ಶುರು

ಮೇ 19ರಂದು ರಾಬರ್ಟ್ ಕಾಖ್ ಸಂಸ್ಥೆಗೆ ಹ್ಯಾಂಬರ್ಗಿನಿಂದ ಸುದ್ದಿ ಬಂತು. ಕಾಖ್ ಸಂಸ್ಥೆ ಅಂದರೆ ಜರ್ಮನಿಯಲ್ಲಿ ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ. ಹ್ಯಾಂಬರ್ಗಿನ ಆಸ್ಪತ್ರೆಯಲ್ಲಿ ಮೂರು ಮಕ್ಕಳಿಗೆ ಏಕಕಾಲಕ್ಕೆ ಎಚ್‌ಯುಎಸ್ ಎಂಬ ಕಾಯಿಲೆ. ಅದರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ, ಕಿಡ್ನಿ ಕೈಕೊಡುತ್ತದೆ. ಅಪರೂಪದ ಕಾಯಿಲೆ, ಮೂರು ಕೇಸು ಒಟ್ಟಿಗೆ ಬಂದರೆ ಎಲ್ಲೋ ಏನೋ ಆಗಿದೆ ಎಂದೇ ಅರ್ಥ. ಮರುದಿನವೇ ತಂಡ ಹ್ಯಾಂಬರ್ಗಿಗೆ ಬಂತು. ಬಂದವರಿಗೆ ಕಂಡಿದ್ದು ಬೇರೆಯೇ ಚಿತ್ರ. ಕಾಯಿಲೆ ಬಿದ್ದವರಲ್ಲಿ ಮಕ್ಕಳು ಕಡಿಮೆ, ದೊಡ್ಡವರೇ ಜಾಸ್ತಿ. ಎಚ್‌ಯುಎಸ್ ಆದ ಪ್ರತಿ ಮೂವರಲ್ಲಿ ಹೆಚ್ಚುಕಮ್ಮಿ ಇಬ್ಬರು ಹೆಂಗಸರು. ಮೊದಲೆಲ್ಲ ಈ ಕಾಯಿಲೆ ಬರುತ್ತಿದ್ದದ್ದು ಚಿಕ್ಕ ಮಕ್ಕಳಿಗೆ.

ಕಾರಣ ಇ. ಕೊಲೈ ಬ್ಯಾಕ್ಟೀರಿಯಾದ ಒಂದು ತಳಿ, ಒ104:ಎಚ್4. ಅದು ಎರಡು ಕೆಟ್ಟ ಗುಣಗಳ ಜೋಡಿ. ಒಂದು, ಮನುಷ್ಯರ ಕರುಳಿನ ಗೋಡೆಗೆ ಇಟ್ಟಿಗೆ ಪೇರಿಸಿದ ಹಾಗೆ ಅಂಟಿಕೊಳ್ಳುವುದು. ಇನ್ನೊಂದು, ಅಲ್ಲಿ ಕೂತು ಶಿಗಾ ಎಂಬ ವಿಷ ಉಗುಳುವುದು. ಎಲ್ಲ ಮುಗಿದು ಲೆಕ್ಕ ಹಾಕಿದಾಗ ಜರ್ಮನಿಯಲ್ಲಿ ಕಾಯಿಲೆ ಬಿದ್ದವರು 3,842 ಜನ. ಅವರಲ್ಲಿ 855 ಜನಕ್ಕೆ ಎಚ್‌ಯುಎಸ್ ಆಗಿತ್ತು. ಸತ್ತವರು 53.

ಮೇ 25ರಂದು ಎಚ್ಚರಿಕೆ ಬಂತು: ಹಸಿ ಟೊಮೇಟೊ, ಸೌತೆಕಾಯಿ, ಸಲಾಡ್ ಸೊಪ್ಪು ತಿನ್ನಬೇಡಿ, ಅದರಲ್ಲೂ ಉತ್ತರ ಜರ್ಮನಿಯಲ್ಲಿ. ರೋಗಿಗಳನ್ನು ಕೇಳಿದಾಗ ಹೆಚ್ಚಿನವರು ಹೇಳಿದ್ದು ಈ ಮೂರೇ ಹೆಸರು. ಆದರೆ ಮೇ ತಿಂಗಳಲ್ಲಿ ಆ ಕಡೆ ಯಾರನ್ನು ಕೇಳಿದರೂ ಈ ಮೂರು ತಿಂದಿರುತ್ತಾರೆ, ಅಲ್ವಾ? ಆರೋಗ್ಯವಾಗಿ ಇದ್ದವರಿಗಿಂತ ರೋಗಿಗಳು ಇವನ್ನು ಸ್ವಲ್ಪ ಜಾಸ್ತಿ ತಿಂದಿದ್ದರು ಅನ್ನುವುದಷ್ಟೇ ಕೈಲಿದ್ದ ಸುಳಿವು.

ಇಲ್ಲಿ ಆ ಊರಿನ ಹವೆಯ ಬಗ್ಗೆ ಒಂದು ಮಾತು. ಜರ್ಮನಿಯಲ್ಲಿ ಕೈತೋಟದವರು ಮೇ ಮಧ್ಯದ ಐದು ದಿನಗಳನ್ನು ಐಸ್‌ಹೈಲಿಗೆ ಎನ್ನುತ್ತಾರೆ, ಹಿಮದ ಸಂತರ ದಿನಗಳು. ಆ ದಿನಗಳು ದಾಟುವ ತನಕ ಟೊಮೇಟೊ, ಸೌತೆಯ ಸಸಿಗಳನ್ನು ಬಯಲಲ್ಲಿ ನೆಡುವ ಹಾಗಿಲ್ಲ, ಇಬ್ಬನಿ ಹೆಪ್ಪುಗಟ್ಟಿ ಸುಟ್ಟುಹೋಗುತ್ತವೆ. ಅಂದರೆ ಮೇ 25ಕ್ಕೆ ಅಲ್ಲಿನ ಕೈತೋಟಗಳಲ್ಲಿ ಟೊಮೇಟೊ ಇನ್ನೂ ಗೇಣುದ್ದ ಸಸಿ. ತಿನ್ನಲು ಸಿಗುತ್ತಿದ್ದದ್ದು ಲೆಟಿಸ್, ಮೂಲಂಗಿ, ಪಾಲಕ್. ಆಗ ಅಂಗಡಿಯಲ್ಲಿದ್ದ ಸೌತೆಕಾಯಿ ಗಾಜಿನ ಮನೆಯಲ್ಲಿ ಬೆಳೆದದ್ದು, ಇಲ್ಲವೇ ಸ್ಪೇನಿನ ಅಲ್ಮೇರಿಯಾದ ಪ್ಲಾಸ್ಟಿಕ್ ಚಪ್ಪರದ ಕೆಳಗಿನದು. ಅದಕ್ಕೇ ಸೌತೆಕಾಯಿ ಮೇಲೆ ಅನುಮಾನ ಬಂದಾಗ ಜನರ ಕಣ್ಣು ತಾನಾಗಿ ದಕ್ಷಿಣಕ್ಕೆ ಹೋಯಿತು.

ಹೋಗುವ ಹಾಗೆ ಮಾಡಿದ್ದೂ ಸರ್ಕಾರವೇ. ಮೇ 26ರಂದು ಹ್ಯಾಂಬರ್ಗಿನ ಆರೋಗ್ಯ ಸಚಿವೆ ಕಾರ್ನೆಲಿಯಾ ಪ್ರ್ಯೂಫರ್-ಷ್ಟೊರ್ಕ್ಸ್ ಪತ್ರಕರ್ತರ ಮುಂದೆ ಬಂದರು. ನಗರದ ಸಗಟು ಮಾರುಕಟ್ಟೆಯಿಂದ ತಂದ ಸ್ಪೇನಿನ ಸೌತೆಕಾಯಿಗಳಲ್ಲಿ ವಿಷ ಉಗುಳುವ ಇ. ಕೊಲೈ ಸಿಕ್ಕಿದೆ ಎಂದರು. ಅದು ಸುಳ್ಳಲ್ಲ, ಬ್ಯಾಕ್ಟೀರಿಯಾ ನಿಜಕ್ಕೂ ಇತ್ತು. ಆದರೆ ಜನರನ್ನು ಕೊಲ್ಲುತ್ತಿದ್ದ ತಳಿ ಅದಲ್ಲ. ಅದು ಗೊತ್ತಾಗಿ, ಹೇಳಿದ್ದು ಮೇ 31ಕ್ಕೆ. ಆ ಐದು ದಿನದಲ್ಲಿ ಆಗಬೇಕಾದ ಅನಾಹುತ ಎಲ್ಲ ಆಗಿಹೋಗಿತ್ತು.

ಸ್ಪೇನಿನ ರಫ್ತುದಾರರು ವಾರಕ್ಕೆ 20 ಕೋಟಿ ಯೂರೋ ನಷ್ಟ ಎಂದರು. ಅಲ್ಲಿನ ಆಂಡಲೂಸಿಯಾ ಪ್ರಾಂತ್ಯದ ಕೃಷಿ ಸಚಿವೆ ಕ್ಯಾಮೆರಾ ಮುಂದೆ ಸೌತೆಕಾಯಿ ಕಚ್ಚಿ ತಿಂದರು. ಯುರೋಪಿನ ಸಂಸತ್ತಿನಲ್ಲಿ ಸ್ಪೇನಿನ ಸದಸ್ಯ ಫ್ರಾನ್ಸಿಸ್ಕೊ ಸೋಸಾ ವಾಗ್ನರ್ ಕೈಯಲ್ಲಿ ಸೌತೆಕಾಯಿ ಹಿಡಿದು ನಿಂತು, ಇದರ ಮಾನ ಉಳಿಸಬೇಕು ಎಂದು ಭಾಷಣ ಮಾಡಿದರು. ಜೂನ್ 2ಕ್ಕೆ ರಷ್ಯಾ ಇಡೀ ಯುರೋಪಿಯನ್ ಒಕ್ಕೂಟದ ಹಸಿ ತರಕಾರಿಗಳನ್ನೇ ತಡೆಯಿತು. (ಸಚಿವರು ಕ್ಯಾಮೆರಾ ಮುಂದೆ ತಿಂದು ತೋರಿಸುವುದು ಹಳೆಯ ಆಟ. 1996ರಲ್ಲಿ ಜಪಾನಿನ ಸಕಾಯಿ ನಗರದ ಶಾಲೆಗಳಲ್ಲಿ ಇಂಥದ್ದೇ ಕಾಯಿಲೆ ಬಂದು ಮೂಲಂಗಿ ಮೊಳಕೆಯ ಮೇಲೆ ಅನುಮಾನ ಬಿದ್ದಾಗ, ಆರೋಗ್ಯ ಸಚಿವ ನಾವೊತೊ ಕಾನ್ ಹೀಗೇ ಮೊಳಕೆ ತಿಂದು ತೋರಿಸಿದ್ದರು. ಒಬ್ಬರು ತಿಂದು ಬದುಕಿದರೆ ಏನೂ ಸಾಬೀತಾಗುವುದಿಲ್ಲ ಅನ್ನುವುದು ಬೇರೆ ಮಾತು.)

ಹತ್ತಿರದವನ ಗತಿ

ಸ್ಪೇನಿನ ಕಥೆ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನನಗೆ ಅದಕ್ಕಿಂತ ಕಾಡುವುದು ಜರ್ಮನಿಯ ರೈತನ ಕಥೆ. ದೂರದ್ದು ಬೇಡ ಅನಿಸಿದಾಗ ಗಿರಾಕಿ ಹತ್ತಿರದವನ ಬಳಿ ಬರಬೇಕಿತ್ತಲ್ಲವೇ? ಬರಲಿಲ್ಲ. ಎಚ್ಚರಿಕೆಯಲ್ಲಿ ಇದ್ದದ್ದು ಉತ್ತರ ಜರ್ಮನಿಯ ಹೆಸರು. ಹ್ಯಾಂಬರ್ಗಿನ ಆಗ್ನೇಯಕ್ಕೆ, ಎಲ್ಬೆ ನದಿಯ ತಗ್ಗುನೆಲದಲ್ಲಿ ಫಿಯರ್‌ಲಾಂಡೆ ಎಂಬ ಪ್ರದೇಶವಿದೆ. ನೂರಾರು ವರ್ಷಗಳಿಂದ ಆ ನಗರಕ್ಕೆ ತರಕಾರಿ, ಹೂವು ಕೊಡುತ್ತಾ ಬಂದ ನೆಲ. ಅಂಥ ನೆಲದ ಲೆಟಿಸ್ ಕೂಡ ಆ ಎಚ್ಚರಿಕೆಯ ಅಡಿಗೇ ಬಂತು. ಜರ್ಮನಿಯ ಎಷ್ಟೋ ಬೆಳೆಗಾರರು ಕಟಾವಿಗೆ ಬಂದ ಲೆಟಿಸ್ ಮೇಲೆ ಟ್ರ್ಯಾಕ್ಟರ್ ಓಡಿಸಿ ಮಣ್ಣಿಗೆ ಸೇರಿಸಿದರು. ಲೆಟಿಸ್ ಕಾಯುವ ಬೆಳೆಯಲ್ಲ. ಒಂದು ವಾರ ತಡವಾದರೆ ಅದು ಹೂವಿಗೆ ಏರಿ ಕಹಿಯಾಗುತ್ತದೆ.

ಪರಿಹಾರ ಆಮೇಲೆ ಬಂತು. ಸೌತೆಕಾಯಿ, ಟೊಮೇಟೊ, ಲೆಟಿಸ್, ದಪ್ಪ ಮೆಣಸಿನಕಾಯಿ, ಜುಕಿನಿ ಬೆಳೆದವರಿಗೆ ಯುರೋಪಿಯನ್ ಒಕ್ಕೂಟ 21 ಕೋಟಿ ಯೂರೋ ತೆಗೆದಿಟ್ಟಿತು. ಆ ಐದರಲ್ಲಿ ಒಂದೂ ಈ ಕಾಯಿಲೆಗೆ ಕಾರಣವಾಗಿರಲಿಲ್ಲ.

ಇನ್ನು ಸ್ವಂತ ತೋಟದವರು. ಜರ್ಮನಿಯಲ್ಲಿ ನಗರದ ಅಂಚಿನಲ್ಲಿ ಬಾಡಿಗೆಗೆ ಸಿಗುವ ಸಣ್ಣ ತೋಟಗಳ ದೊಡ್ಡ ಪರಂಪರೆಯೇ ಇದೆ. ಶ್ರೇಬರ್‌ಗಾರ್ಟನ್ ಎನ್ನುತ್ತಾರೆ. ಒಂದು ತೋಟ 400 ಚದರ ಮೀಟರ್ ಮೀರಬಾರದು ಅಂತ 1983ರ ಕಾನೂನೇ ಇದೆ. ಅಲ್ಲಿ ಮಣ್ಣಲ್ಲಿ ಬೆಳೆದ ಲೆಟಿಸ್‌ಗೂ ಈ ತಳಿಗೂ ಸಂಬಂಧ ಇರಲಿಲ್ಲ ಅಂತ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಗಾಬರಿಯ ದಿನಗಳಲ್ಲಿ ಕಷ್ಟ ಇರುವುದೇ ಇಲ್ಲಿ.

ಅಡುಗೆಯವನನ್ನು ಕೇಳಿದರು

ಮೊಳಕೆ ಕಾಳು ಯಾರ ತಲೆಗೂ ಹೊಳೆದಿರಲಿಲ್ಲ ಅಂತ ಆಮೇಲೆ ಕೆಲವರು ಬರೆದರು. ಅದು ಸರಿಯಲ್ಲ. ಹೊಳೆದಿತ್ತು, ಸಕಾಯಿಯ ನೆನಪು ಎಲ್ಲರಿಗೂ ಇತ್ತು. ರೋಗಿಗಳನ್ನು ಕೇಳಿಯೂ ಇದ್ದರು. ಆದರೆ ನಾಲ್ಕರಲ್ಲಿ ಒಬ್ಬರು ಮಾತ್ರ ಹೌದು, ತಿಂದಿದ್ದೆ ಎಂದರು. ಅಷ್ಟು ಕಡಿಮೆ ಜನ ತಿಂದ ವಸ್ತು ಕಾರಣ ಆಗಿರಲಾರದು ಎಂದು ಅದನ್ನು ಬದಿಗಿಟ್ಟರು.

ತೊಂದರೆ ಇದ್ದದ್ದು ನೆನಪಿನಲ್ಲಿ. ಈ ತಳಿ ಹೊಟ್ಟೆ ಸೇರಿ ಕಾಯಿಲೆಯಾಗಿ ಹೊರಬರಲು ಸುಮಾರು ಎಂಟು ದಿನ ಬೇಕು. ಎಂಟು ದಿನದ ಹಿಂದೆ ಹೋಟೆಲಲ್ಲಿ ತಿಂದ ಸಲಾಡಿನ ಮೇಲೆ ಉದುರಿಸಿದ್ದ ನಾಲ್ಕು ಎಳೆ ಮೊಳಕೆ ಯಾರಿಗೆ ನೆನಪಿರುತ್ತದೆ? ತಟ್ಟೆಯಲ್ಲಿ ಸೌತೆಕಾಯಿ ಕಣ್ಣಿಗೆ ಹೊಡೆಯುತ್ತದೆ. ಮೊಳಕೆ ಬರೀ ಅಲಂಕಾರ.

ಆಗ ತನಿಖೆಯವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಉತ್ತರದ ಲ್ಯೂಬೆಕ್ ನಗರದ ಒಂದು ರೆಸ್ಟೋರೆಂಟಿನಲ್ಲಿ ಮೇ ಮಧ್ಯದಲ್ಲಿ ಗುಂಪುಗುಂಪಾಗಿ ಊಟ ಮಾಡಿದವರಲ್ಲಿ ಹಲವರಿಗೆ ಕಾಯಿಲೆ ಬಂದಿತ್ತು. ಹತ್ತು ಗುಂಪು, 152 ಜನ. ಅವರಲ್ಲಿ 31 ಜನಕ್ಕೆ ಕಾಯಿಲೆ. ಈ ಸಲ ಏನು ತಿಂದಿರಿ ಅಂತ ಕೇಳಲಿಲ್ಲ. ಏನು ಆರ್ಡರ್ ಮಾಡಿದಿರಿ ಅಂತ ಕೇಳಿದರು. ಬಿಲ್ಲು ತೆಗೆಸಿದರು, ಊಟದ ದಿನ ತೆಗೆದ ಫೋಟೋಗಳನ್ನು ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿ, ಈ ತಟ್ಟೆಗೆ ಏನೇನು ಹಾಕುತ್ತೀರಿ, ಎಷ್ಟು ಹಾಕುತ್ತೀರಿ ಎಂದು ವಿಚಾರಿಸಿದರು. ತಿಂದವನಿಗೆ ಮರೆತರೂ ಬಡಿಸಿದವನಿಗೆ ಗೊತ್ತಿರುತ್ತದಲ್ಲ. ಕಾಯಿಲೆ ಬಿದ್ದ 31 ಜನರ ತಟ್ಟೆಯಲ್ಲೂ ಮೊಳಕೆ ಇತ್ತು. ಮೊಳಕೆ ಇಲ್ಲದ ತಟ್ಟೆಯವರಲ್ಲಿ ಒಬ್ಬರಿಗೂ ಕಾಯಿಲೆ ಇಲ್ಲ.

ಇನ್ನೊಂದು ಕಡೆಯಿಂದ ಆಹಾರ ಇಲಾಖೆಯವರು ಸರಕಿನ ಪಟ್ಟಿ ಹಿಡಿದು ಹಿಂದಕ್ಕೆ ನಡೆಯುತ್ತಿದ್ದರು. ಯಾವ ಹೋಟೆಲಿಗೆ, ಯಾವ ಕ್ಯಾಂಟೀನಿಗೆ, ಯಾರಿಂದ ಏನು ಬಂತು? ದಾರಿಗಳೆಲ್ಲ ಒಂದೇ ಕಡೆ ಸೇರಿದವು. ಹ್ಯಾಂಬರ್ಗಿನಿಂದ ದಕ್ಷಿಣಕ್ಕೆ, ಲೋವರ್ ಸ್ಯಾಕ್ಸನಿಯ ಬೀನೆನ್‌ಬ್ಯುಟೆಲ್ ಎಂಬ ಊರಿನ ಒಂದು ಫಾರ್ಮ್. ರೋಗಿಗಳ 41 ಗುಂಪುಗಳ ಊಟದ ದಾರಿ ಪೂರ್ತಿ ಸಿಕ್ಕಿತು. ಆ 41ಕ್ಕೆ 41 ಈ ಫಾರ್ಮಿನ ಮೊಳಕೆಗೇ ಬಂದು ಮುಟ್ಟಿತು. ಜೂನ್ 5ರಂದು ರಾಜ್ಯದ ಕೃಷಿ ಸಚಿವ ಗೆರ್ಟ್ ಲಿಂಡೆಮನ್ ಅದನ್ನು ಹೇಳಿದರು. ಜೂನ್ 10ಕ್ಕೆ ಸೌತೆ, ಟೊಮೇಟೊ, ಲೆಟಿಸ್ ಮೇಲಿನ ಎಚ್ಚರಿಕೆ ಹೋಯಿತು. ಮೊಳಕೆ ತಿನ್ನಬೇಡಿ ಎಂಬ ಎಚ್ಚರಿಕೆ ಬಂತು.

ಆ ಫಾರ್ಮ್ ಎಂಥದ್ದು ಅಂದರೆ, ಹತ್ತಿರದ್ದನ್ನೇ ಕೊಳ್ಳಿ ಎನ್ನುವವರು ಬೆರಳಿಟ್ಟು ತೋರಿಸುವಂಥದ್ದು. ಸಣ್ಣದು, ಸಾವಯವ. ಸಾವಯವ ಅಂದ ಕೂಡಲೇ ಸಗಣಿ ಗೊಬ್ಬರದ ಮೇಲೆ ಬೆರಳು ಮಾಡಿದವರೂ ಇದ್ದರು. ಆದರೆ ಮೊಳಕೆಗೆ ಗೊಬ್ಬರ ಎಲ್ಲಿಂದ? ಅಲ್ಲಿ ಇದ್ದದ್ದು ಬೀಜ, ನೀರು, ಬಿಸುಪು, ಅಷ್ಟೇ. ಅಧಿಕಾರಿಗಳು ಫಾರ್ಮಿನಲ್ಲಿ ತೆಗೆದ ಮಾದರಿಗಳಲ್ಲಿ ಆ ತಳಿ ಸಿಗಲಿಲ್ಲ. ಸಿಕ್ಕಿದ್ದು ರೈನ್-ಸೀಗ್ ಜಿಲ್ಲೆಯ ಒಂದು ಮನೆಯ ಕಸದ ಬುಟ್ಟಿಯಲ್ಲಿ, ಅರ್ಧ ಬಳಸಿ ಎಸೆದಿದ್ದ ಮೊಳಕೆಯ ಪ್ಯಾಕೆಟ್ಟಿನಲ್ಲಿ.

ಮನೆಯಲ್ಲೇ ಬೆಳೆದರೆ?

ಇಲ್ಲಿಗೆ ಮುಗಿದಿದ್ದರೆ, ಫಾರ್ಮಿನದ್ದು ಬೇಡ, ನಾವೇ ಮೊಳಕೆ ಕಟ್ಟಿಕೊಳ್ಳೋಣ ಎನ್ನಬಹುದಿತ್ತು. ಜೂನ್ 24ಕ್ಕೆ ಫ್ರಾನ್ಸಿನಿಂದ ಸುದ್ದಿ ಬಂತು. ಬೋರ್ಡೊ ನಗರದ ಪಕ್ಕದ ಬೆಗ್ಲ್ ಎಂಬಲ್ಲಿ ಜೂನ್ 8ರಂದು ಮಕ್ಕಳ ಕೇಂದ್ರವೊಂದು ಜನರನ್ನು ಕರೆದು ಸಣ್ಣ ಕಾರ್ಯಕ್ರಮ ಮಾಡಿತ್ತು. ತಣ್ಣನೆಯ ಸೂಪಿನ ಮೇಲೆ ಮೊಳಕೆ ಉದುರಿಸಿ ಕೊಟ್ಟಿದ್ದರು. ಆ ಮೊಳಕೆ ಜರ್ಮನಿಯಿಂದ ಬಂದದ್ದಲ್ಲ. ಮೆಂತ್ಯ, ಸಾಸಿವೆ, ರಾಕೆಟ್ ಸೊಪ್ಪು, ಈ ಮೂರರ ಬೀಜದ ಪೊಟ್ಟಣ ತಂದು ಅಲ್ಲಿನವರೇ ಬೆಳೆಸಿದ್ದು. ಬಂದವರಲ್ಲಿ ಹಲವರು ಆಸ್ಪತ್ರೆ ಸೇರಿದರು. ಅದೇ ಒ104:ಎಚ್4.

ಬೀನೆನ್‌ಬ್ಯುಟೆಲ್‌ಗೂ ಬೆಗ್ಲ್‌ಗೂ ಯಾವ ವ್ಯವಹಾರವೂ ಇರಲಿಲ್ಲ. ಕೈ ಬೇರೆ, ನೀರು ಬೇರೆ, ಊರು ಬೇರೆ. ಎರಡೂ ಕಡೆ ಇದ್ದ ಬೀಜ ಒಂದೇ, ಮೆಂತ್ಯ. ಕಾಗದ ಹಿಡಿದು ಹಿಂದೆ ಹೋದಾಗ ಎರಡರ ಮೆಂತ್ಯವೂ ಒಂದೇ ಸರಕಿಗೆ ಹೋಗಿ ನಿಂತಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಜುಲೈ 5ಕ್ಕೆ ಕೊಟ್ಟ ವರದಿಯಲ್ಲಿ ಆ ದಾರಿ ಇದೆ. 2009ರ ನವೆಂಬರಿನಲ್ಲಿ ಈಜಿಪ್ಟಿನ ಡಮಿಯೆಟ್ಟಾ ಬಂದರಿನಿಂದ 15 ಟನ್ ಮೆಂತ್ಯ ಹೊರಟಿತು. ಆಂಟ್ವರ್ಪ್, ಅಲ್ಲಿಂದ ರೋಟರ್‌ಡ್ಯಾಮ್, ಅಲ್ಲಿಂದ ಜರ್ಮನಿ. ಅಲ್ಲಿಂದ ಕೈ ಬದಲಾಗುತ್ತಾ ಮೂಟೆ ಒಡೆದು ಚಿಕ್ಕದಾಗುತ್ತಾ ಹೋಯಿತು. ಇಂಗ್ಲೆಂಡಿನ ಒಂದು ಕಂಪನಿಗೆ ಹೋದದ್ದು 50 ಗ್ರಾಂ ಪೊಟ್ಟಣಗಳಾಗಿ ಫ್ರಾನ್ಸಿಗೆ ಬಂತು. ಬೀನೆನ್‌ಬ್ಯುಟೆಲ್‌ಗೆ ಸಿಕ್ಕಿದ್ದು ಬರೀ 75 ಕಿಲೋ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಉಳಿದ ಬೀಜ ತಂದು ಪರೀಕ್ಷಿಸಿದಾಗ ಅದರಲ್ಲಿ ಆ ತಳಿ ಕಾಣಲಿಲ್ಲ. ಈಜಿಪ್ಟ್ ಈ ಆರೋಪ ಒಪ್ಪಲೂ ಇಲ್ಲ. ತೀರ್ಮಾನ ನಿಂತಿದ್ದು ಕಾಗದಗಳ ಮೇಲೆ. ಆದರೂ ಆ ತರ್ಕ ಗಟ್ಟಿಯಾಗಿದೆ. ಸಾವಿರಾರು ಕಾಳಿನಲ್ಲಿ ಒಂದೆರಡಕ್ಕೆ ಮಾತ್ರ ಅಂಟಿದ್ದರೆ ಪರೀಕ್ಷೆಯ ಮುಷ್ಟಿಗೆ ಅದು ಸಿಗುವುದು ಅದೃಷ್ಟ. ಬೆಳೆಸುವವನ ಡ್ರಮ್ಮಿಗೆ ಮಾತ್ರ ಅದು ಸಾಕು.

ಯಾಕೆ ಸಾಕು ಅನ್ನುವುದೇ ಮೊಳಕೆಯ ವಿಷಯದಲ್ಲಿ ಮುಖ್ಯ. ಒಣ ಬೀಜದ ಮೇಲೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಈ ಸರಕಿನಲ್ಲಿ ಅದು ಒಂದೂವರೆ ವರ್ಷ ಸುಮ್ನೆ ಕೂತಿತ್ತು ಎಂದಾಯಿತು. ಬೀಜ ನೆನೆಸಿ ಬೆಚ್ಚಗೆ ಇಟ್ಟ ಕೂಡಲೇ ಸಿಪ್ಪೆ ಬಿರಿಯುತ್ತದೆ, ಒಳಗಿನ ಸಕ್ಕರೆ ಹೊರಗೆ ಜಿನುಗುತ್ತದೆ. ಮೊಳಕೆಗೆ ಬೇಕಾದ ತೇವ, ಬಿಸುಪು ಎಲ್ಲವೂ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದೇ. ಎರಡು ಮೂರು ದಿನದಲ್ಲಿ ಬೆರಳೆಣಿಕೆಯದು ಲಕ್ಷಗಟ್ಟಲೆ ಆಗುತ್ತದೆ. ತೊಳೆದರೆ ಹೋಗುವುದಿಲ್ಲ, ಬಿರುಕಿನೊಳಗೆ ಸೇರಿರುತ್ತದೆ. ನಾವು ಶುದ್ಧ ನೀರು ಹಾಕಿ ಜತನದಿಂದ ಬೆಳೆಸಿದಷ್ಟೂ ಅದೂ ಚೆನ್ನಾಗಿ ಬೆಳೆಯುತ್ತದೆ.

ಅದೇ ಬೀಜವನ್ನು ಮಣ್ಣಿಗೆ ಹಾಕಿ, ಆರು ವಾರ ಬಿಟ್ಟು ಸೊಪ್ಪು ಕೊಯ್ದರೆ? ಕಥೆ ಬೇರೆ. ಬಿಸಿಲು ಬೀಳುತ್ತದೆ, ಎಲೆ ಒಣಗುತ್ತದೆ, ತಿನ್ನುವ ಭಾಗ ಬೀಜದಿಂದ ದೂರ ಇರುತ್ತದೆ. ಅಲ್ಲಿ ನೋಡಬೇಕಾದದ್ದು ಹಸಿ ಗೊಬ್ಬರ, ನೀರು, ಓಡಾಡುವ ಪ್ರಾಣಿ, ಕೊಯ್ಯುವ ಕೈ. ಮನೆಯಲ್ಲಿ ಬೆಳೆದದ್ದು ಎಂಬ ಒಂದೇ ಹೆಸರಿನ ಕೆಳಗೆ ಈ ಎರಡನ್ನೂ ಹಾಕುವುದೇ ತಪ್ಪು ಅನಿಸುತ್ತದೆ ನನಗೆ. ಜಾಡಿಯಲ್ಲಿ ಕಟ್ಟಿದ ಮೊಳಕೆಯಲ್ಲಿ ನಮ್ಮದು ಅಂತ ಇರುವುದು ನೀರು ಮತ್ತು ಮೂರು ದಿನ. ಉಳಿದದ್ದೆಲ್ಲ ಬೀಜ ಕೊಟ್ಟವನದ್ದು.

ಕೊಳ್ಳುವವರ ಕಡೆಯಿಂದ

ಹಾಗಾದರೆ ಹತ್ತಿರದವನ ಹತ್ತಿರ ಕೊಳ್ಳುವುದಕ್ಕೆ ಅರ್ಥವೇ ಇಲ್ಲವೇ? ಇದೆ. ಆದರೆ ಜನ ಅಂದುಕೊಳ್ಳುವ ಕಾರಣಕ್ಕಲ್ಲ. ಬೀನೆನ್‌ಬ್ಯುಟೆಲ್ ಹೆಸರು ಎರಡು ವಾರದಲ್ಲಿ ಹೊರಬಂದಿದ್ದು ಯಾಕೆ? ಹೋಟೆಲಿಗೂ ಫಾರ್ಮಿಗೂ ನಡುವೆ ಕೈಗಳು ಕಡಿಮೆ ಇದ್ದವು, ಯಾರಿಗೆ ಎಷ್ಟು ಹೋಯಿತು ಎಂಬ ಪಟ್ಟಿ ಇತ್ತು. ಅಲ್ಲಿಂದ ಹಿಂದಕ್ಕೆ, ಡಮಿಯೆಟ್ಟಾ ತನಕ ಹೋಗಲು ಇನ್ನೂ ಒಂದು ತಿಂಗಳು ಹಿಡಿಯಿತು. ದಾರಿ ಚಿಕ್ಕದಿದ್ದರೆ ತಪ್ಪು ಬೇಗ ಸಿಗುತ್ತದೆ. ತಪ್ಪೇ ಆಗುವುದಿಲ್ಲ ಅಂತ ಮಾತ್ರ ಅಲ್ಲ.

ಇನ್ನೊಂದು ಅನುಕೂಲ, ಎದುರಿಗೇ ಇರುವವನನ್ನು ಕೇಳಬಹುದು. ಆದರೆ ನಾವು ಕೇಳುವುದು ಔಷಧಿ ಹೊಡೆದಿದ್ದೀರಾ ಅನ್ನುವುದನ್ನು ಮಾತ್ರ. ಆ ಫಾರ್ಮಿನವರನ್ನು ಅದನ್ನು ಕೇಳಿದ್ದರೆ ಇಲ್ಲ ಅಂತ ಧೈರ್ಯವಾಗಿ ಹೇಳುತ್ತಿದ್ದರು, ಅದು ನಿಜವೂ ಆಗಿರುತ್ತಿತ್ತು. ಬೀಜ ಯಾರಿಂದ ಬಂತು, ಯಾವ ಲಾಟಿನದು, ಬಿತ್ತಲು ಮಾರಿದ್ದೋ ಮೊಳಕೆ ಕಟ್ಟಲು ಮಾರಿದ್ದೋ ಎಂದು ಯಾವ ಗಿರಾಕಿಯೂ ಕೇಳಿರಲಾರ. ಕೇಳಿದ್ದರೂ ಆ ಸಲ ಉಪಯೋಗ ಆಗುತ್ತಿರಲಿಲ್ಲ ಬಿಡಿ. ಮೂಟೆಯ ಮೇಲೆ ಬ್ಯಾಕ್ಟೀರಿಯಾ ಇದೆ ಅಂತ ಯಾರೂ ಬರೆದಿರುವುದಿಲ್ಲ.

ಉಳಿಯುವುದು ಒಲೆ. ಜರ್ಮನಿಯ ಆಹಾರ ಅಪಾಯ ಸಂಸ್ಥೆ ಹೇಳುವ ಲೆಕ್ಕ ಸರಳ: ಒಳಭಾಗ 70 ಡಿಗ್ರಿಗೆ ಬಂದು ಎರಡು ನಿಮಿಷ ಇರಬೇಕು. ಈ ಬ್ಯಾಕ್ಟೀರಿಯಾ ಅಷ್ಟಕ್ಕೇ ಸಾಯುತ್ತದೆ. ಗಾಬರಿಯ ದಿನಗಳಲ್ಲಿ ಯಾವುದು ಕೆಟ್ಟದ್ದು ಅಂತ ಗೊತ್ತಿಲ್ಲದಾಗ, ಯಾರದ್ದು ಎಂದು ಹುಡುಕುವುದಕ್ಕಿಂತ ಬೇಯಿಸಿ ತಿನ್ನುವಂಥದ್ದನ್ನು ಕೊಳ್ಳುವುದು ಮೇಲು. ಹಾಗೆ ಮಾಡಿದರೆ ಹತ್ತಿರದ ರೈತನನ್ನೂ ಕೈಬಿಟ್ಟ ಹಾಗೆ ಆಗುವುದಿಲ್ಲ. ಅವನ ಹೊಲದಲ್ಲಿ ಲೆಟಿಸ್ ಒಂದೇ ಇರುವುದಿಲ್ಲವಲ್ಲ, ಪಾಲಕ್ಕೂ ಇರುತ್ತದೆ.

ಹ್ಯಾಂಬರ್ಗಿನ ಸಚಿವೆಯ ಮೇಲೆ ನನಗೆ ಅಷ್ಟು ಕೋಪ ಇಲ್ಲ. ಜನ ಸಾಯುತ್ತಿರುವಾಗ ಕೈಗೆ ಸಿಕ್ಕ ಸುಳಿವನ್ನು ಮುಚ್ಚಿಡಬಾರದು. ಆದರೆ ತಳಿ ತಾಳೆಯಾಗುವ ಮೊದಲೇ ದೇಶದ ಹೆಸರು ಹೇಳಿದ್ದು ತಪ್ಪು. ಸೌತೆಕಾಯಿ ತಿನ್ನಬೇಡಿ ಎಂದಿದ್ದರೆ ಸಾಕಿತ್ತು. ಸ್ಪೇನ್ ಎಂದ ಕೂಡಲೇ ಜನಕ್ಕೆ ಒಂದು ಸಮಾಧಾನ ಸಿಕ್ಕಿತು, ಕೆಟ್ಟದ್ದು ಹೊರಗಿನಿಂದ ಬಂದಿದೆ, ನಮ್ಮ ಪಕ್ಕದ ಫಾರ್ಮಿನಿಂದಲ್ಲ ಅಂತ. ಆ ಹೊತ್ತಿನಲ್ಲೂ ಪಕ್ಕದ ಫಾರ್ಮಿನ ಮೊಳಕೆ ಮಾರಾಟವಾಗುತ್ತಲೇ ಇತ್ತು.

ಆಮೇಲೆ ಕಾನೂನು ಬಂತು. 2011ರ ಜುಲೈನಲ್ಲೇ ಈಜಿಪ್ಟಿನಿಂದ ಮೆಂತ್ಯ ಮತ್ತು ಇನ್ನು ಕೆಲವು ಬೀಜ ತರುವುದನ್ನು ಯುರೋಪಿಯನ್ ಒಕ್ಕೂಟ ನಿಲ್ಲಿಸಿತು. 2013ರಲ್ಲಿ ನಾಲ್ಕು ನಿಯಮಗಳು ಒಟ್ಟಿಗೆ ಬಂದವು. ಮೊಳಕೆ ಬೆಳೆಸುವವರು ಅನುಮತಿ ಪಡೆಯಬೇಕು. ಮೊಳಕೆಯನ್ನು ಈ ತಳಿಗೂ ಇಂಥ ಬೇರೆ ತಳಿಗಳಿಗೂ ಪರೀಕ್ಷಿಸಬೇಕು. ಹೊರದೇಶದ ಬೀಜಕ್ಕೆ ಪ್ರಮಾಣಪತ್ರ ಬೇಕು. ಪ್ರತಿ ಲಾಟ್ ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಬರೆದಿಡಬೇಕು.

ಇವೆಲ್ಲ ಮಾರುವವರಿಗೆ. ಕಿಟಕಿಯ ಬಳಿ ಜಾಡಿಯಿಟ್ಟು ಮೊಳಕೆ ಕಟ್ಟುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2011ರ ಆ ಜುಲೈನಲ್ಲಿ ಕೊಟ್ಟ ಸಲಹೆ ಒಂದೇ ಸಾಲಿನದು. ತಿನ್ನಲೆಂದು ಮನೆಯಲ್ಲಿ ಬೆಳೆಸಬೇಡಿ, ಎಲ್ಲಿಯದ್ದೇ ಆದರೂ ಚೆನ್ನಾಗಿ ಬೇಯಿಸದೆ ತಿನ್ನಬೇಡಿ.